ಬೈಕು ನಿಂತಲ್ಲೆಲ್ಲ ಒಂದು ಕಲೆ

ಆ ವರ್ಷ ನನ್ನ ಗಂಡ ಎಲ್ಲೆಲ್ಲಿ ಹೋಗಿ ಬಂದರು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಬೈಕು ನಿಂತಲ್ಲೆಲ್ಲ ನೆಲದ ಮೇಲೆ ಒಂದು ಕಪ್ಪು ಕಲೆ ಬಿಟ್ಟು ಬರುತ್ತಿತ್ತು. ನಮ್ಮ ಅಂಗಳದಲ್ಲಿ ಒಂದು, ಎಸ್ಟೇಟ್ ಆಫೀಸಿನ ಮುಂದೆ ಒಂದು, ಬಾಳೂರಿನ ಟೀ ಅಂಗಡಿಯ ಪಕ್ಕದಲ್ಲಿ ಒಂದು. ಇಂಜಿನ್ನಿನ ತಳದಲ್ಲಿ ಆಯಿಲ್ ಇಳಿಸುವ ಬೋಲ್ಟು ಇರುತ್ತದಲ್ಲ, ಅದು ಕಚ್ಚಿಕೊಳ್ಳುವ ಸುರುಳಿ ಗೀರು, ಅಂದರೆ ಮರೆ, ಹಾಳಾಗಿ ಹೋಗಿತ್ತು. ಎಷ್ಟು ತಿರುಗಿಸಿದರೂ ಬೋಲ್ಟು ಕಚ್ಚುತ್ತಿರಲಿಲ್ಲ, ಆಯಿಲ್ ತೊಟ್ಟಿಕ್ಕುತ್ತಲೇ ಇತ್ತು. ಗಂಡಸರಿಗೆ ಅದು ಬರೀ ರಿಪೇರಿಯ ವಿಷಯ. ನನಗೆ ಹಾಗಿರಲಿಲ್ಲ.

ನಾನು ಹುಟ್ಟಾ ಅನುಮಾನದವಳು. ನಾಚಿಕೆಯಿಂದ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಹಾಲಿಗೆ ಬೆರಳು ಅದ್ದಿ ನೋಡದೆ ಪಾತ್ರೆಗೆ ಹೊಯ್ಯಿಸಿಕೊಂಡವಳಲ್ಲ, ಮೀನಿನವನು 'ಇವತ್ತಿನದೇ ಅಮ್ಮ' ಎಂದರೆ ಕಿವಿರು ಎತ್ತಿ ನೋಡದೆ ಬಿಟ್ಟವಳಲ್ಲ. ನಗುನಗುತ್ತಾ ಮಾತಾಡುವವರನ್ನು ಕಂಡರೆ ನನಗೆ ಮೊದಲು ಬರುವ ಯೋಚನೆ ಇವರಿಗೆ ಏನು ಬೇಕಾಗಿದೆ ಎನ್ನುವುದು. ಇದರಿಂದ ನನಗೆ ಲಾಭವೇ ಆಗಿದೆ, ಹೆಚ್ಚು ಸಲ.

ಬಾಳೂರಿನ ಮೇಲಿನ ಗುಡ್ಡದ ಒಂದು ಕಾಫಿ ಎಸ್ಟೇಟಿನಲ್ಲಿ ನನ್ನ ಗಂಡ ರೈಟರಾಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಮೇಸ್ತ್ರಿಗಳಿಗೆ ಕೆಲಸ ಹಂಚುವುದು, ಸಂಜೆ ಕುಯ್ದ ಹಣ್ಣನ್ನು ಅಳೆಯುವುದು ಅವರ ಕೆಲಸ. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ ನಾವಿಬ್ಬರು, ಜೊತೆಗೆ ಇನ್ನೂ ವರ್ಷ ತುಂಬದ ಮಗಳು. ಬೈಕು ಸೆಕೆಂಡ್ ಹ್ಯಾಂಡಿನದು, ನಾಲ್ಕು ಸ್ಟ್ರೋಕಿನ ನೂರು ಸಿಸಿಯದು. ಅವರು ಅದನ್ನು ದಿನಾ ಒರೆಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಅದರ ಮೇಲೂ ಅನುಮಾನವಿತ್ತು. ಯಾರಿಗೆ ತೋರಿಸಲಿಕ್ಕೆ ಇಷ್ಟು ಒರೆಸುತ್ತಾರೆ ಇವರು ಎಂದು.

ಮರೆ ಹಾಳಾದ ಕಥೆ ಹೇಳಬೇಕು. ನಮ್ಮ ಕಡೆ ಮೇ ತಿಂಗಳ ಕೊನೆಯಲ್ಲಿ ಎಲ್ಲ ಎಸ್ಟೇಟುಗಳಲ್ಲೂ ಒಂದು ಕೆಲಸ ನಡೆಯುತ್ತದೆ. ಅದಕ್ಕೊಂದು ಹೆಸರಿಲ್ಲ, 'ಬಿಗಿ ಮಾಡೋದು' ಅನ್ನುತ್ತಾರೆ ಅಷ್ಟೇ. ಮಳೆ ಹಿಡಿದರೆ ತಿಂಗಳುಗಟ್ಟಲೆ ಯಾವುದನ್ನೂ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ ಮೊದಲೇ ಸಡಿಲ ಇರುವುದನ್ನೆಲ್ಲ ಬಿಗಿ ಮಾಡಿ ಮುಗಿಸಬೇಕು. ಗಾಳಿಗೆ ಹಾರದ ಹಾಗೆ ಮಾಡಿನ ಶೀಟಿನ ಬೋಲ್ಟು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬೋಲ್ಟು, ಪಂಪಿನ ಕಾಲಿನ ಬೋಲ್ಟು, ಜೀಪಿನ ಹುಡ್ಡು, ತೋಟದ ದಾರಿಗೆ ಅಡ್ಡ ಹಾಕುವ ದಣಪೆಯ ತಂತಿ. ಸ್ಪ್ಯಾನರಿನ ಬಾಲಕ್ಕೆ ಮಾರುದ್ದದ ಪೈಪು ಸಿಕ್ಕಿಸಿ, ಬೋಲ್ಟು ಕಿರ್ ಎನ್ನುವವರೆಗೆ ಎಳೆಯುವುದು, ಆಮೇಲೂ ಒಂದು ಎಳೆತ. ಆ ಕೊನೆಯ ಎಳೆತ ಎಳೆಯದವನನ್ನು ನಮ್ಮಲ್ಲಿ ಗಂಡಸು ಎಂದು ಲೆಕ್ಕಕ್ಕೆ ಇಡುವುದಿಲ್ಲ.

ನನ್ನ ಗಂಡ ಆ ದಿನವಿಡೀ ಅದೇ ಕೆಲಸದಲ್ಲಿದ್ದರು. ಸಂಜೆ ಮನೆಗೆ ಬಂದವರು, ಹೇಗೂ ಮಳೆಗಾಲ ಬಂತು, ಬೈಕಿನ ಆಯಿಲೂ ಬದಲಾಯಿಸಿಬಿಡೋಣ ಎಂದು ಕೂತರು. ಕೈಯಲ್ಲಿ ಅದೇ ಸ್ಪ್ಯಾನರು, ಅದರ ಬಾಲಕ್ಕೆ ಅದೇ ಪೈಪು. ಹಳೆ ಆಯಿಲ್ ಇಳಿಸಿದರು. ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದ ಹಾಗೆ ಬಳಿಯಲಿಕ್ಕೆ ಬೇಕು ಎಂದು ಆಳುಗಳ ಲೈನ್ ಮನೆಯವರೊಬ್ಬರು ಅದನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋದರು. ಇವರು ಬೋಲ್ಟು ಹಾಕಿ ತಿರುಗಿಸಿದರು, ಕಿರ್ ಎಂದಿತು. ಆಮೇಲಿನ ಎಳೆತವನ್ನೂ ಎಳೆದರು. ಬೋಲ್ಟು ಹಗುರವಾಗಿ, ಯಾರೂ ಹಿಡಿದಿಲ್ಲವೇನೋ ಎನ್ನುವಷ್ಟು ಸಲೀಸಾಗಿ ಒಂದು ಸುತ್ತು ಸುತ್ತಿತು. ಅವರ ಮುಖ ಬಾಡಿತು. ಹೊರಗೆ ತೆಗೆದು ನೋಡಿದರೆ ಬೋಲ್ಟಿಗೆ ಸುತ್ತಿಕೊಂಡು ಬೆಳ್ಳಿ ದಾರದಂಥ ಒಂದು ಎಳೆ ಬಂದಿತ್ತು. ಇಂಜಿನ್ನಿನ ಒಳಮರೆ ಹಾಗೇ ಕಿತ್ತುಕೊಂಡು ಬಂದಿತ್ತು.

ಮರುದಿನ ಬಣಕಲ್ಲಿಗೆ ಹೋಗಿ ಮೆಕ್ಯಾನಿಕ್‌ಗೆ ತೋರಿಸಿದರು. ಮೆಕ್ಯಾನಿಕ್ ಮುಸಲ್ಮಾನರು, ಹೆದ್ದಾರಿಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಸುತ್ತಿನ ಎಸ್ಟೇಟುಗಳ ಬೈಕು ಜೀಪು ಎಲ್ಲ ನೋಡುತ್ತಿದ್ದರು. ಮಾತು ಜೋರು, ಕೆಲಸ ನಿಧಾನ. "ರೈಟ್ರೇ, ಇದು ಪಲ್ಪರ್ ಅಲ್ಲ ಮಾರಾಯ್ರೇ, ಅಲ್ಯುಮಿನಿಯಂ. ಇದಕ್ಕೆ ಪೈಪ್ ಹಾಕಿ ಎಳೆದ್ರೆ ಎಂತ ಉಳೀತದೆ?" ಎಂದರಂತೆ. ಸರಿಯಾಗಿ ಮಾಡಬೇಕೆಂದರೆ ಇಂಜಿನ್ ಇಳಿಸಬೇಕು, ತೂತನ್ನು ದೊಡ್ಡದು ಮಾಡಿ ಹೊಸ ಮರೆ ಕೊರೆದು ಸ್ಟೀಲಿನ ಒಳಸುತ್ತು ಕೂರಿಸಬೇಕು, ಚೂರು ಒಳಗೆ ಉಳಿಯದ ಹಾಗೆ ಇಂಜಿನ್ನಿನ ಹೊರಗಿನ ಕೇಸು ಬಿಚ್ಚಿ ತೊಳೆಯಬೇಕು. ಆ ಒಳಸುತ್ತನ್ನು ಚಿಕ್ಕಮಗಳೂರಿನಿಂದ ತರಿಸಬೇಕು. ಬೈಕನ್ನು ಕೆಲವು ದಿನ ಶೆಡ್ಡಿನಲ್ಲೇ ಬಿಡಬೇಕು. ಮಳೆ ಕಳೆಯಲಿ ಎಂದು ಇಬ್ಬರೂ ಒಪ್ಪಿಕೊಂಡರು. ಅಲ್ಲಿಯವರೆಗೆ ಬೋಲ್ಟಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ, ಮೇಲೆ ಅಂಟು ಮೆತ್ತಿ ಕಳಿಸಿದರು.

ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಅದೇ ಮಾತು. ಟೇಪು ಸುತ್ತಿದರು, ಬಟ್ಟೆ ಸೋಪು ಮೆತ್ತಿದರು, ಹತ್ತಿ ದಾರಕ್ಕೆ ಮೇಣ ಹಚ್ಚಿ ಸುತ್ತಿದರು. ಯಾವುದೂ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಜಗಲಿಯ ಕೆಳಗೆ ಬೈಕು ನಿಲ್ಲಿಸಿ ತಳಕ್ಕೊಂದು ತೆಂಗಿನ ಚಿಪ್ಪು ಇಡುತ್ತಿದ್ದರು. "ಮಳೆ ಬಿಡ್ಲಿ ಮಾರಾಯ್ತಿ, ಮೊದಲ ಕೆಲಸ ಇದೇ" ಎನ್ನುವುದು ಅವರ ಜಪವಾಗಿತ್ತು. ಅಂಗಳದಲ್ಲಿ ಬಿದ್ದ ಹನಿಯನ್ನು ಮಳೆ ತೊಳೆದುಕೊಂಡು ಹೋಗುತ್ತಿತ್ತು. ನನಗೂ ಆಗ ಅದರ ಮೇಲೆ ಕಣ್ಣಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಮಳೆ ಬಿಟ್ಟಿತು, ನೆಲ ಒಣಗಿತು. ಆದರೆ ನನ್ನ ಗಂಡ ಬೋಲ್ಟಿನ ಮಾತು ಎತ್ತುವುದನ್ನೇ ಬಿಟ್ಟರು.

ನಾನೇ ಎತ್ತಿದೆ. "ಬೈಕು ಬಿಡೋಲ್ವಾ ಬಣಕಲ್ಲಿಗೆ?"

"ಆ ಸಾಮಾನು ಬಂದಿಲ್ವಂತೆ. ನೋಡುವ" ಎಂದರು. ನನ್ನ ಮುಖ ನೋಡದೆ ಹೇಳಿದರು.

ಮುಖ ನೋಡದೆ ಮಾತಾಡುವ ಗಂಡಸರ ವಿಷಯದಲ್ಲಿ ನನಗೆ ತವರಿನಲ್ಲೇ ಪಾಠವಾಗಿತ್ತು. ನನ್ನ ಅಪ್ಪ ಗೋಣಿಬೀಡಿನ ಹತ್ತಿರ ಸಣ್ಣ ತೋಟದವರು. ಏಲಕ್ಕಿ ವ್ಯಾಪಾರ ಎಂದು ವಾರಕ್ಕೊಮ್ಮೆ ಕಳಸದ ಕಡೆ ಹೋಗುತ್ತಿದ್ದರು. ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎನ್ನುವ ಪದ್ಧತಿ ನಮ್ಮಲ್ಲಿ. ಅಮ್ಮ ಕೇಳಲಿಲ್ಲ. ಬಂದ ಮೇಲೂ ಕೇಳಲಿಲ್ಲ. ಅಪ್ಪ ತೀರಿಕೊಂಡ ದಿನ ಕಳಸದಿಂದ ಜೀಪಿನಲ್ಲಿ ಒಬ್ಬ ಹೆಂಗಸು ಬಂದು ಅಂಗಳದ ಮೂಲೆಯಲ್ಲಿ ನಿಂತಳು. ಅವಳ ಸೆರಗು ಹಿಡಿದುಕೊಂಡಿದ್ದ ಹುಡುಗಿಗೆ ನನ್ನದೇ ಮೂಗು. ಆಮೇಲೆ ಬದುಕಿದಷ್ಟು ದಿನವೂ ಅಮ್ಮ ಒಂದೇ ಮಾತು ಹೇಳುತ್ತಿದ್ದಳು, "ನಂಗೆ ಗೊತ್ತಾಗ್ಲೇ ಇಲ್ಲ." ಅಪ್ಪ ಮಾಡಿದ್ದಕ್ಕಿಂತ ಅಮ್ಮನಿಗೆ ಗೊತ್ತಾಗದೇ ಹೋದದ್ದೇ ನನಗೆ ದೊಡ್ಡ ಅವಮಾನವಾಗಿ ಕಂಡಿತ್ತು. ಗಂಡ ಇನ್ನೊಂದು ಸಂಸಾರ ಕಟ್ಟಿದರೆ ಕಟ್ಟಲಿ, ಆದರೆ ಅದನ್ನು ಮೊದಲು ತಿಳಿಯುವವಳು ನಾನಾಗಿರಬೇಕು ಎಂದು ತೀರ್ಮಾನ ಮಾಡಿಕೊಂಡೇ ನಾನು ಮದುವೆಯಾಗಿದ್ದೆ.

ಹಾಗಾಗಿ ನೋಡತೊಡಗಿದೆ. ನೋಡತೊಡಗಿದ ಮೇಲೆ ಕಾಣುವುದಕ್ಕೆ ಬರವಿರಲಿಲ್ಲ.

ಮೊದಲನೆಯದಾಗಿ, ಅವರು ಹಾಸಿಗೆ ತೆಗೆದುಕೊಂಡು ಹೊರಗಿನ ರೂಮಿಗೆ ಹೋದರು. ಕುಯ್ಲಿನ ಸಮಯ, ಬೇಗ ಏಳಬೇಕು, ಮಗು ಅತ್ತರೆ ನಿದ್ದೆ ಕೆಡುತ್ತದೆ ಎಂದರು. ಮಗು ಹುಟ್ಟಿದಾಗಿನಿಂದಲೂ ಅಳುತ್ತಿತ್ತು, ಇಷ್ಟು ದಿನ ಯಾಕೆ ಹೋಗಿರಲಿಲ್ಲ ಎಂದು ನಾನು ಕೇಳಲಿಲ್ಲ. ಆಮೇಲೆ ತಟ್ಟೆ ಲೋಟ. ಊಟವಾದ ಕೂಡಲೇ ಎದ್ದು ತಮ್ಮ ತಟ್ಟೆ ತಾವೇ ತೊಳೆದು ಬೇರೆಯಾಗಿ ಕವುಚಿಡತೊಡಗಿದರು. ಮದುವೆಯಾದಾಗಿನಿಂದ ಒಂದು ಲೋಟ ಎತ್ತಿಡದ ಗಂಡಸು ಇದ್ದಕ್ಕಿದ್ದ ಹಾಗೆ ತಟ್ಟೆ ತೊಳೆಯುತ್ತಾನೆಂದರೆ ಯಾವ ಹೆಂಗಸಿಗೆ ಸಂಶಯ ಬರುವುದಿಲ್ಲ? ಸಣ್ಣಗಾದರು. ಹೊಟ್ಟೆ ಕರಗಿ, ಪ್ಯಾಂಟು ಸಡಿಲವಾಗಿ ಕಾಲೇಜು ಹುಡುಗನ ಹಾಗಾದರು. ಕೇಳಿದರೆ ಬೆಟ್ಟ ಹತ್ತಿ ಇಳಿದು ಹಾಗಾಗಿದೆ ಎಂದರು. ಕೆಮ್ಮು ಇತ್ತು, ಆದರೆ ಮಳೆಗಾಲ ಮುಗಿಸಿದ ಮಲೆನಾಡಿನಲ್ಲಿ ಕೆಮ್ಮದವರು ಯಾರು?

ಬನಿಯನ್ನಿನ ಬಣ್ಣ ನೋಡಿದ ದಿನ ಮಾತ್ರ ನನ್ನ ಅನುಮಾನ ಖಾತ್ರಿಯಾಯಿತು. ಬಟ್ಟೆ ಒಗೆಯಲು ಕೂತಿದ್ದೆ. ಬಿಳಿ ಬನಿಯನ್ನಿನ ಕುತ್ತಿಗೆಯ ಸುತ್ತ, ಕಂಕುಳಲ್ಲಿ, ಮಾಸಿದ ಕೇಸರಿ ಬಣ್ಣ. ಕರವಸ್ತ್ರದಲ್ಲೂ ಅದೇ. ಬೆವರಿನ ಕಲೆ ಹಳದಿ ಇರುತ್ತದೆ, ಕಾಫಿ ಹಣ್ಣಿನ ಕಲೆ ಕಂದು ಇರುತ್ತದೆ, ಇದು ಎರಡೂ ಅಲ್ಲ. ಕುಂಕುಮ ಹಚ್ಚಿದ ಹಣೆ ಒರಗಿದರೆ ಈ ಬಣ್ಣ ಬರುತ್ತದೆ ಎಂದು ನನ್ನ ತಲೆ ಹೇಳಿತು. ನಾನು ಸ್ಟಿಕ್ಕರ್ ಹಚ್ಚುವವಳು. ಆ ಬನಿಯನ್ನನ್ನು ಕಲ್ಲಿಗೆ ಹೊಡೆದ ಹೊಡೆತಕ್ಕೆ ಹೊಲಿಗೆ ಬಿಚ್ಚಿತು.

ಮಗಳಿಗೆ ಚುಚ್ಚುಮದ್ದು ಹಾಕಿಸಲು ಆ ವಾರವೇ ಬಸ್ಸಿನಲ್ಲಿ ಬಣಕಲ್ಲಿಗೆ ಹೋದೆ. ಮೆಕ್ಯಾನಿಕ್ ಶೆಡ್ಡಿನ ಮುಂದೆ ಹಾದುಹೋಗುವಾಗ ಅವರೇ ಕರೆದರು. "ಅಮ್ಮ, ರೈಟ್ರಿಗೆ ಸ್ವಲ್ಪ ಹೇಳಿ. ಆ ಒಳಸುತ್ತು ತರ್ಸಿಟ್ಟು ಎಷ್ಟೋ ದಿನ ಆಯ್ತು. ಕೇಳಿದಾಗೆಲ್ಲ 'ಈಗ ಬೈಕು ಬಿಡೋಕಾಗಲ್ಲ' ಅಂತಾರೆ. ಹೀಗೇ ಓಡ್ಸಿದ್ರೆ ಒಂದಿನ ಬೋಲ್ಟ್ ದಾರೀಲಿ ಬಿದ್ದು ಇಂಜಿನ್ ಹಿಡ್ಕೊಳ್ತದೆ."

"ಎಂತಕ್ಕೆ ಬಿಡೋಕಾಗಲ್ವಂತೆ?" ಎಂದು ಕೇಳಿದೆ.

"ದಿನಾ ಇಲ್ಲಿಗೆ ಬರ್ಬೇಕಲ್ಲ ಅವ್ರು" ಎಂದರು. ಹೇಳಿದ ಮೇಲೆ ನನ್ನ ಮುಖ ನೋಡಿ, ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಬೆರಳು ಒರೆಸಿಕೊಂಡರು. ಅವರಿಗೆ ಗೊತ್ತಿದೆ, ನನಗೆ ಹೇಳುತ್ತಿಲ್ಲ ಎನ್ನುವುದು ನನಗೆ ಸ್ಪಷ್ಟವಾಯಿತು. ಗಂಡಸರು ಗಂಡಸರನ್ನು ಕಾಯುವುದು ನಾನು ಕಾಣದ್ದೇನಲ್ಲ. ಅಪ್ಪನ ಜೀಪಿನ ಡ್ರೈವರೂ ಹೀಗೇ ಬೆರಳು ಒರೆಸಿಕೊಂಡಿದ್ದ.

ಅಂದರೆ ಸಾಮಾನು ಬಂದಿಲ್ಲ ಎಂದದ್ದು ಸುಳ್ಳು. ದಿನಾ ಬಣಕಲ್ಲಿಗೆ ಬರುತ್ತಿದ್ದಾರೆ ಎನ್ನುವುದನ್ನು ನನ್ನಿಂದ ಮುಚ್ಚಿಟ್ಟಿದ್ದಾರೆ. ಹಾಜರಿ ಮುಗಿಸಿ ಧಣಿಗಳ ಮನೆಗೆ ಹೋಗಿ ಬರುತ್ತೇನೆ ಎಂದು ದಿನಾ ಹೋಗುತ್ತಿದ್ದರಲ್ಲ, ಅದೂ ಸುಳ್ಳು. ಆ ದಿನದಿಂದ ನಾನು ಕಲೆಗಳನ್ನು ಓದತೊಡಗಿದೆ. ಅವರು ಬಂದು ಒಳಗೆ ಹೋದ ಮೇಲೆ ಅಂಗಳಕ್ಕೆ ಹೋಗಿ ಬಗ್ಗಿ ಹನಿ ನೋಡುವುದು. ಬಿಸಿ ಇಂಜಿನ್ ಆದರೆ ಹನಿ ತೆಳ್ಳಗೆ ಹರಡುತ್ತದೆ, ತಣಿದಿದ್ದರೆ ದಪ್ಪಗೆ ಕೂರುತ್ತದೆ. ದೂರ ಹೋಗಿ ಬಂದರಾ, ಹತ್ತಿರ ಹೋಗಿ ಬಂದರಾ ಎಂದು ಅದರಲ್ಲೇ ತಿಳಿಯುತ್ತಿತ್ತು. ಪೊರಕೆ ಹಿಡಿದುಕೊಂಡೇ ಹೋಗುತ್ತಿದ್ದೆ, ಗುಡಿಸುವವಳ ಹಾಗೆ.

ಇನ್ನೊಂದು ಗುರುತೂ ಇತ್ತು. ನಮ್ಮ ನೆಲ ಮೆತ್ತಗಿನದು, ಸೈಡ್ ಸ್ಟ್ಯಾಂಡ್ ಹಾಕಿದರೆ ಹೂತುಹೋಗಿ ಬೈಕು ವಾಲುತ್ತದೆ. ಅದಕ್ಕೆ ಎಲ್ಲೇ ನಿಲ್ಲಿಸಿದರೂ ಸ್ಟ್ಯಾಂಡಿನ ಅಡಿಗೆ ಒಂದು ಚಪ್ಪಟೆ ಕಲ್ಲು ಇಡುವುದು ಅವರ ಅಭ್ಯಾಸ. ಚಪ್ಪಟೆ ಕಲ್ಲು, ಅದರಿಂದ ಒಂದು ಗೇಣು ಆಚೆ ಕಪ್ಪು ಹನಿ. ಇವೆರಡೂ ಒಟ್ಟಿಗೆ ಇದ್ದರೆ ಅದು ನನ್ನ ಗಂಡನ ಬೈಕೇ. ಇನ್ನೊಂದು ಸಲ ಬಣಕಲ್ಲಿಗೆ ಹೋದವಳು ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡು ಒಳರಸ್ತೆಗಳನ್ನೆಲ್ಲ ಸುತ್ತಿದೆ. ಯಾರಾದರೂ ನೋಡಿದ್ದರೆ ಬಿದ್ದ ಓಲೆ ಹುಡುಕುತ್ತಿದ್ದಾಳೆ ಎನ್ನಬೇಕು, ಹಾಗೆ ನೆಲ ನೋಡಿಕೊಂಡು ನಡೆದೆ.

ಹೆದ್ದಾರಿಯಿಂದ ಒಳಗೆ, ಸಿಲ್ವರ್ ಓಕ್ ಮರಗಳ ಪಕ್ಕದಲ್ಲಿ ಒಂದು ಹೆಂಚಿನ ಮನೆ. ಗೇಟಿನ ಮುಂದೆ ಚಪ್ಪಟೆ ಕಲ್ಲು. ಪಕ್ಕದಲ್ಲಿ ಕಲೆ. ಒಂದು ಹನಿಯಲ್ಲ, ದೋಸೆಯಷ್ಟು ಅಗಲದ ಕಲೆ, ಹನಿಯ ಮೇಲೆ ಹನಿ ಬಿದ್ದು ಮಣ್ಣು ಗಟ್ಟಿಯಾಗಿತ್ತು. ಅಷ್ಟಾಗಬೇಕೆಂದರೆ ಎಷ್ಟು ದಿನ ನಿಂತಿರಬೇಕು ಬೈಕು. ಅಂಗಳದಲ್ಲಿ ಡೇಲಿಯಾ ಹೂವು. ಬಟ್ಟೆ ಹಗ್ಗದ ಮೇಲೆ ಎರಡು ಸೀರೆ, ಲಂಗ, ಟವೆಲ್ಲು. ಗಂಡಸಿನ ಬಟ್ಟೆ ಒಂದೂ ಇಲ್ಲ. ಬಾಗಿಲು ಹಾಕಿತ್ತು. ನಾನು ಬಾಗಿಲು ತಟ್ಟಲಿಲ್ಲ. ಸಾಕ್ಷಿ ಪೂರ್ತಿ ಸಿಕ್ಕ ಮೇಲೆ ತಟ್ಟಬೇಕು ಎಂದು ವಾಪಸು ಬಂದೆ. ಬಸ್ಸಿನಲ್ಲಿ ಮಗಳು ಕಿಟಕಿ ನೋಡಿ ನಗುತ್ತಿದ್ದಳು. ಇವಳ ಮೂಗು ಇನ್ನೊಂದು ಮನೆಯ ಮಗುವಿಗೂ ಇದ್ದರೆ ಎಂದು ಯೋಚನೆ ಬಂದು ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮರುದಿನ ಅವರು ಹಾಜರಿ ಹಿಡಿಯುತ್ತಿರುವಾಗಲೇ ಮಗಳನ್ನು ಎತ್ತಿಕೊಂಡು ಬಾಳೂರಿಗೆ ಇಳಿದು ಬಸ್ಸು ಹತ್ತಿದೆ. ಆ ಮನೆಯ ಮುಂದೆ ಬೈಕು ನಿಂತಿತ್ತು. ನಾನು ನೋಡುತ್ತಿದ್ದ ಹಾಗೇ ತಳದಿಂದ ಒಂದು ಹನಿ ಕಲೆಯ ನಡುವಿಗೆ ಬಿತ್ತು. ಬಾಗಿಲು ಓರೆಯಾಗಿತ್ತು. ಚಪ್ಪಲಿ ಕಳಚಲಿಲ್ಲ, ಕರೆಯಲೂ ಇಲ್ಲ, ನೂಕಿಕೊಂಡು ಒಳಗೆ ಹೋದೆ.

ನನ್ನ ಗಂಡ ಪ್ಯಾಂಟು ಸಡಿಲಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಹಿಂದೆ, ನನ್ನ ಅಮ್ಮನಿಗಿಂತ ವಯಸ್ಸಾದ ಹೆಂಗಸೊಬ್ಬರು ದಪ್ಪ ಕನ್ನಡಕ ಹಾಕಿಕೊಂಡು ಇಂಜೆಕ್ಷನ್ ಸೂಜಿ ಎತ್ತಿ ಹಿಡಿದಿದ್ದರು.

ಅಷ್ಟು ಕಂಡ ಮೇಲೂ ನನ್ನ ಅನುಮಾನ ಬಿಡಲಿಲ್ಲ ನೋಡಿ. ಇವರಿಗೊಬ್ಬಳು ಮಗಳಿರಬೇಕು, ಅವಳು ಒಳಗಿರಬೇಕು ಎಂದು ಅಡುಗೆಮನೆಯ ಕಡೆ ಕತ್ತು ಚಾಚಿದೆ.

"ಯಾರದು? ಮಗುನ ಒಳಗೆ ತರ್ಬೇಡಿ. ಹೊರಗೆ, ಜಗಲೀಲಿ ಕೂತ್ಕೊಳ್ಳಿ" ಎಂದರು ಆ ಹೆಂಗಸು, ಕೈ ಅಲುಗಿಸದೆ. ಆ ಸ್ವರಕ್ಕೆ ಎದುರಾಡುವ ಹಾಗಿರಲಿಲ್ಲ. ನನ್ನ ಗಂಡ ತಿರುಗಿ ನೋಡಿದರು. ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದರು. ನಾನು ಹೊರಗೆ ಬಂದು ಡೇಲಿಯಾದ ಪಕ್ಕ ಕೂತೆ.

ಆಕೆ ರಿಟೈರ್ ಆದ ನರ್ಸು, ಒಬ್ಬರೇ ಇರುವವರು. ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತು, ಅವರೇ ಹೇಳಿದರು. ಕ್ಷಯ. ಮಳೆಗಾಲದ ಕೊನೆಯಲ್ಲಿ ಕಫದಲ್ಲಿ ರಕ್ತ ಕಂಡು ನನ್ನ ಗಂಡ ಚಿಕ್ಕಮಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿದ್ದರು. ದಿನಾ ಸೂಜಿ, ಒಂದು ದಿನವೂ ತಪ್ಪುವ ಹಾಗಿಲ್ಲ. ಜೊತೆಗೆ ಕೆಂಪು ಮಾತ್ರೆ, ಅದನ್ನು ನುಂಗಿದರೆ ಬೆವರಿನ ಬಣ್ಣವೇ ಬದಲಾಗುತ್ತದೆ. "ಬಸ್ಸು ನಂಬ್ಕೊಂಡು ಬಂದ್ರೆ ಹಾಜರಿ ಕೆಲ್ಸ ತಪ್ಪುತ್ತೆ, ಎಸ್ಟೇಟಿನಲ್ಲಿ ಗೊತ್ತಾದ್ರೆ ಕ್ವಾರ್ಟರ್ಸ್ ಬಿಡಿಸ್ತಾರೆ ಅಂತ ಅವ್ರಿಗೆ ಹೆದ್ರಿಕೆ. ಅದಕ್ಕೇ ಆ ಸೋರೋ ಬೈಕಲ್ಲೇ ಬರ್ತಾರೆ. ಸೂಜಿ ಈ ವಾರಕ್ಕೆ ಮುಗೀತು. ಮಾತ್ರೆ ಇನ್ನೂ ತಿಂಗಳುಗಟ್ಲೆ ಇದೆ. ಮುಂದಿನ ವಾರ ಕಫದ ರಿಪೋರ್ಟ್ ಬರ್ಲಿ, ಅಲ್ಲಿವರೆಗೆ ಮಗು ದೂರ ಇರ್ಲಿ. ನಿಮ್ಮಿಬ್ರಿಗೂ ಒಮ್ಮೆ ಪರೀಕ್ಷೆ ಮಾಡಿಸ್ಬೇಕು."

ಆಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಹೊರಗೆ ಬಂದು ತಲೆ ತಗ್ಗಿಸಿ ನಿಂತ ಗಂಡನಿಗೆ ಹೇಳಿದೆ, "ಇನ್ನೊಬ್ಬಳನ್ನ ಇಟ್ಕೊಂಡಿದ್ರೆ ವಾಸಿಯಿತ್ತು." ನಿಜವಾಗಿಯೂ ಹಾಗೇ ಅನ್ನಿಸಿತ್ತು. ಇನ್ನೊಬ್ಬಳಾದರೆ ಜಗಳ ಆಡಿ ಓಡಿಸಬಹುದು. ಎರಡು ತಿಂಗಳು ಒಂದೇ ಮಾಡಿನ ಕೆಳಗೆ ಈ ಮನುಷ್ಯ ಒಬ್ಬರೇ ಸಾಯುವ ಯೋಚನೆ ಮಾಡಿಕೊಂಡು ಮಲಗಿದ್ದರು, ಎಲ್ಲ ಕಲೆಗಳನ್ನೂ ಓದಿದ ನಾನು ಅದೊಂದನ್ನು ಓದಿರಲಿಲ್ಲ. ಅವರು ಬೈಕಿನಲ್ಲಿ ಹೋದರು, ನಾನು ಬಸ್ಸಿನಲ್ಲಿ ಬಂದೆ.

ಸೂಜಿ ಮುಗಿದ ಮೇಲೆ ಬೈಕನ್ನು ಶೆಡ್ಡಿಗೆ ಬಿಟ್ಟರು. ವಾಪಸು ತರುವ ದಿನವೇ ಕಫದ ರಿಪೋರ್ಟೂ ಸಿಗುವುದಿತ್ತು. ನಾನೂ ಬರುತ್ತೇನೆ ಎಂದೆ. ರಿಪೋರ್ಟು ಕಣ್ಣಾರೆ ನೋಡದೆ ಬಾಯಿಮಾತು ನಂಬುವ ಹಾಗಿರಲಿಲ್ಲ ನಾನು. ನರ್ಸಿನ ಮನೆಗೆ ಹೋಗಿ, ಅವರಿಂದ ಓದಿಸಿಕೊಂಡು, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಕಫದಲ್ಲಿ ಏನೂ ಇಲ್ಲ. ಮಾತ್ರೆ ಬಿಡದಿದ್ದರೆ ಹೆದರುವುದೇನಿಲ್ಲ. ನಮ್ಮ ಪರೀಕ್ಷೆಯಲ್ಲೂ ನನಗೂ ಮಗಳಿಗೂ ಏನೂ ಅಂಟಿಲ್ಲ ಎಂದು ಬಂದಿತ್ತು.

ಅಲ್ಲಿಂದ ಶೆಡ್ಡಿಗೆ ಬಂದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ನಮ್ಮ ಇಂಜಿನ್ನಿನ ಕೇಸು ಹಲಗೆಯ ಮೇಲೆ ಕವುಚಿ ಬಿದ್ದಿತ್ತು. ಮೆಕ್ಯಾನಿಕ್ ತೂತಿಗೆ ಮರೆ ಕೊರೆಯುವ ಟ್ಯಾಪನ್ನು ನೆಟ್ಟಗೆ ಹಿಡಿದು, ಸ್ವಲ್ಪ ಮುಂದಕ್ಕೆ ತಿರುಗಿಸುವುದು, ಸ್ವಲ್ಪ ಹಿಂದಕ್ಕೆ ಬಿಡುವುದು, ಸೀಮೆಎಣ್ಣೆ ಬಿಟ್ಟು ಚೂರು ಒರೆಸುವುದು, ಮತ್ತೆ ಮುಂದಕ್ಕೆ. ಅವಸರ ಮಾಡಿದರೆ ಓರೆಯಾಗಿಬಿಡುತ್ತದಂತೆ. ಆಮೇಲೆ ಸ್ಪ್ರಿಂಗಿನಂಥ ಸ್ಟೀಲಿನ ಸುತ್ತನ್ನು ಅದರೊಳಗೆ ತಿರುಗಿಸುತ್ತಾ ಇಳಿಸಿದರು. ನಾವಿಬ್ಬರೂ ಹಳೆ ಟಯರುಗಳ ಮೇಲೆ ಕೂತಿದ್ದೆವು, ಮಗಳು ನನ್ನ ತೊಡೆಯ ಮೇಲೆ. ಮೆಕ್ಯಾನಿಕ್ ಬೋಲ್ಟಿಗೆ ಹೊಸ ವಾಷರ್ ತರಲು ಪಕ್ಕದ ಅಂಗಡಿಗೆ ಹೋದರು. ಆಗ ಕೇಳಿದೆ.

"ನಾನು ಎಂತೆಂತದೋ ಅಂದ್ಕೊಂಡಿದ್ದೆ. ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು" ಎಂದರು. "ನೀನು ಪೊರಕೆ ಹಿಡ್ಕೊಂಡು ಬಗ್ಗಿ ನೋಡೋದು ಹೊರಗಿನ ರೂಮಿನ ಕಿಟಕಿಯಿಂದ ಕಾಣ್ತದೆ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ಅವರು ಹಲಗೆಯ ಮೇಲಿದ್ದ ಅಲ್ಯುಮಿನಿಯಂ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡಿದರು. "ಹೇಳಿದ್ರೆ ನೀನು ದೂರ ಇರ್ತಿದ್ದೆಯಾ? ಪಕ್ಕದಲ್ಲೇ ಕೂರ್ತಿದ್ದೆ. ಹಣೆ ಮುಟ್ತಿದ್ದೆ, ಗಂಜಿ ಕುಡಿಸ್ತಿದ್ದೆ. ಇವಳು ನಿನ್ನ ಸೊಂಟದಲ್ಲೇ ಇರ್ತಾಳೆ. ಸಿಟ್ಟಿದ್ರೆ ಹತ್ರ ಬರಲ್ಲ, ಇವಳನ್ನೂ ಬಿಡಲ್ಲ ಅಂತ ನಂಗೆ ಗೊತ್ತಿತ್ತು. ಅನುಮಾನ ಪಡ್ಲಿ ಅಂತ ಬಿಟ್ಟೆ. ನೀನು ನೋಡ್ತಿದ್ದೀಯ ಅಂತ ಗೊತ್ತಾದ ಮೇಲೆ, ಕಲೆ ಕಾಣ್ಲಿ ಅಂತ ಚಿಪ್ಪು ಇಡೋದನ್ನೂ ನಿಲ್ಸಿದೆ."

ಹೌದು, ನಾನು ಪೊರಕೆ ಹಿಡಿದುಕೊಂಡು ನೋಡತೊಡಗಿದ ಮೇಲೆ ತೆಂಗಿನ ಚಿಪ್ಪು ಕಂಡಿರಲಿಲ್ಲ. ಆ ಎರಡು ತಿಂಗಳು ಮಗಳು ಅಂಬೆಗಾಲಿಟ್ಟುಕೊಂಡು ಹೊರಗಿನ ರೂಮಿನ ಹೊಸ್ತಿಲಿನವರೆಗೆ ಹೋದಾಗಲೆಲ್ಲ ನಾನು ಕಾಲು ಹಿಡಿದು ಎಳೆದುಕೊಂಡ ಹಾಗೆ ಎತ್ತಿಕೊಂಡು ಬಂದಿದ್ದೆ. ಇವರಿಗೆ ಮಗಳ ಸುಖ ಯಾಕೆ ಸಿಗಬೇಕು, ನೋಡಿ ಉರಿಯಲಿ ಎಂದು ಬೇಕೆಂದೇ ಅವರ ಕಣ್ಣೆದುರಿಗೆ ಮಾಡಿದ್ದೆ. ಅವರು ಮಂಚದ ಮೇಲೆ ಕೂತಲ್ಲಿಂದಲೇ ನೋಡುತ್ತಿದ್ದರು, ಒಂದು ದಿನವೂ ಬೇಡ ಎಂದಿರಲಿಲ್ಲ.

ಮಗಳನ್ನು ಎತ್ತಿ ಅವರ ತೊಡೆಯ ಮೇಲೆ ಕೂರಿಸಿದೆ. ಅವರು ಗಾಬರಿಯಿಂದ ಮೊದಲು ಕೈಗಳನ್ನು ಅಂಗಿಗೆ ಒರೆಸಿಕೊಂಡು ಆಮೇಲೆ ಹಿಡಿದರು. ಮಗಳು ತಲೆಯೆತ್ತಿ ಅವರ ಮುಖವನ್ನು ಒಮ್ಮೆ ನೋಡಿದಳು, ನನ್ನ ಕಡೆ ತಿರುಗಿದಳು, ಗುರುತಿಲ್ಲದವರು ಎತ್ತಿಕೊಂಡರೆ ಅಳುವ ಹಾಗೆ ಜೋರಾಗಿ ಅಳತೊಡಗಿದಳು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. "ಅಳ್ಲಿ ಬಿಡು" ಎಂದರು, "ಅಳ್ಲಿ."